“ಈ ಮಗು ಬದುಕಿ ಉಳಿಯಿತಾ?”: ಇಂಗ್ಲೆಂಡಿನ ಕುಟುಂಬ ಇತಿಹಾಸ ಸಂಘಗಳು ಪೂರ್ವಜರನ್ನು ಹುಡುಕುವ ಬಗೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಂಗ್ಲೆಂಡಿನ ಒಬ್ಬರು ತಮ್ಮ ಮುತ್ತಜ್ಜನ ಅಜ್ಜನನ್ನು ಹುಡುಕುತ್ತಿದ್ದಾರೆ. ಅವನ ಹೆಸರು ಜಾನ್ ಟರ್ನರ್ ಅಂತಿರಲಿ. 1851ರ ಜನಗಣತಿಯಲ್ಲಿ ಅವನ ವಯಸ್ಸು 60 ಎಂದಿದೆ. ಹುಟ್ಟಿದ ಊರೂ ಬರೆದಿದೆ. ಆ ಊರಿನ ಚರ್ಚಿನ ರಿಜಿಸ್ಟರ್ ತೆಗೆದು ನೋಡಿದರೆ, 1790ರ ಮೇ ತಿಂಗಳಲ್ಲಿ ವಿಲಿಯಂ ಮತ್ತು ಮೇರಿ ಟರ್ನರ್ ದಂಪತಿಯ ಮಗ ಜಾನ್‌ಗೆ ದೀಕ್ಷಾಸ್ನಾನ, ಅಂದರೆ ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ಶಾಸ್ತ್ರ, ಆಗಿದೆ. ಹೆಸರು ಕೂಡಿತು, ಊರು ಕೂಡಿತು, ವರ್ಷವೂ ಹೆಚ್ಚುಕಮ್ಮಿ ಕೂಡಿತು. ಇನ್ನೇನು ವಂಶವೃಕ್ಷದಲ್ಲಿ ಬರೆದುಬಿಡಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಕೂತ, ಬಹಳ ವರ್ಷ ಇದೇ ಕೆಲಸ ಮಾಡಿದ ಹಿರಿಯರೊಬ್ಬರು ಕೇಳುತ್ತಾರೆ: “ಈ ಮಗು ಬದುಕಿ ಉಳಿಯಿತಾ?”

ಅದೇ ರಿಜಿಸ್ಟರಿನಲ್ಲಿ ಮಣ್ಣು ಮಾಡಿದವರ ಪಟ್ಟಿ ನೋಡಬೇಕು. ಅಲ್ಲಿ 1790ರ ಜೂನ್‌ನಲ್ಲಿ ಒಂದು ಸಾಲು: ಜಾನ್, ವಿಲಿಯಂ ಟರ್ನರನ ಹಸುಗೂಸು. ಮುಗಿಯಿತು. ಈ ಜಾನ್ ಯಾರ ಅಜ್ಜನೂ ಆಗಲು ಸಾಧ್ಯವಿಲ್ಲ.

ಇಂಥ ತಪ್ಪನ್ನು ಒಬ್ಬರೇ ಕೂತು ಹುಡುಕುವವರು ತುಂಬಾ ಸುಲಭವಾಗಿ ಮಾಡುತ್ತಾರೆ. ಹೆಸರು ಸಿಕ್ಕ ಕೂಡಲೇ ಮನುಷ್ಯ ಸಿಕ್ಕ ಅನ್ನಿಸಿಬಿಡುತ್ತದೆ. ಆದರೆ ಹೆಸರು ಬೇರೆ, ಮನುಷ್ಯ ಬೇರೆ. ಇವೆರಡರ ನಡುವಿನ ದೂರವನ್ನು ದಾಖಲೆಯಿಂದ ದಾಖಲೆಗೆ ಹೆಜ್ಜೆ ಇಟ್ಟು ದಾಟಬೇಕು. ಸ್ಥಳೀಯ ಕುಟುಂಬ ಇತಿಹಾಸ ಸಂಘಗಳು ಮಾಡುವ ಕೆಲಸ ಹಲವಾರು ಇವೆ. ಆದರೆ ನನ್ನ ಪ್ರಕಾರ ಎಲ್ಲದರ ಒಳಗಿನ ಕೆಲಸ ಇದೊಂದೇ.

ವಂಶಾವಳಿ ಬರೆಸುವುದು ಅಲ್ಲಿಯೂ ಬಹಳ ಕಾಲ ದೊಡ್ಡ ಮನೆತನಗಳ ವಿಷಯವಾಗಿತ್ತು. ಆಸ್ತಿ, ಬಿರುದು, ಲಾಂಛನ ಇದ್ದವರಿಗೆ ಅದು ಬೇಕಿತ್ತು. ಲಂಡನ್ನಿನಲ್ಲಿ ಸೊಸೈಟಿ ಆಫ್ ಜೀನಿಯಾಲಜಿಸ್ಟ್ಸ್ ಶುರುವಾಗಿದ್ದು 1911ರಲ್ಲಿ. ಕೌಂಟಿಗೊಂದು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಪಟ್ಟಣಕ್ಕೊಂದು ಸಂಘ ಹುಟ್ಟಿದ್ದು ಮುಖ್ಯವಾಗಿ 1960 ಮತ್ತು 70ರ ದಶಕಗಳಲ್ಲಿ. 1974ರಲ್ಲಿ ಇವುಗಳಲ್ಲಿ ಹಲವು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಈ ಸಂಘಗಳಿಗೆ ಬಂದವರು ಹೆಚ್ಚಾಗಿ ಕೂಲಿಯವರ, ಗಣಿ ಕೆಲಸದವರ, ನೇಕಾರರ, ಮನೆಗೆಲಸದವರ ಮೊಮ್ಮಕ್ಕಳು. ತಮ್ಮ ಅಜ್ಜಿ ಯಾರ ಮಗಳು ಅನ್ನುವುದು ಅವರಿಗೂ ಗೊತ್ತಾಗಬೇಕಿತ್ತು.

ಹೊರಗಿನಿಂದ ನೋಡಿದರೆ ಸಂಘ ಅಂದರೆ ತಿಂಗಳಿಗೊಂದು ಸಭೆ, ಒಂದು ಉಪನ್ಯಾಸ, ಮೂರು ತಿಂಗಳಿಗೊಂದು ಪತ್ರಿಕೆ, ಒಂದು ಸಣ್ಣ ಲೈಬ್ರರಿ. ಪ್ರತಿ ಸದಸ್ಯರೂ ತಾವು ಯಾವ ಮನೆತನದ ಹೆಸರನ್ನು, ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಹುಡುಕುತ್ತಿದ್ದೇವೆ ಅಂತ ಬರೆದುಕೊಡುತ್ತಾರೆ. ಆ ಪಟ್ಟಿ ಅಚ್ಚಾಗುತ್ತದೆ. ಒಂದೇ ಊರು, ಒಂದೇ ಹೆಸರು ಹುಡುಕುವ ಇಬ್ಬರು ಪಟ್ಟಿಯಲ್ಲಿ ಎದುರಾದರೆ, ಅವರು ದೂರದ ನೆಂಟರೂ ಆಗಿರಬಹುದು. ಒಬ್ಬರ ಮನೆಯ ಅಟ್ಟದಲ್ಲಿರುವ ಫೋಟೋದ ಹಿಂದಿನ ಬರಹ, ಇನ್ನೊಬ್ಬರ ಬೈಬಲ್ಲಿನ ಮೊದಲ ಪುಟದ ಹುಟ್ಟಿದ ದಿನಗಳು, ಎರಡೂ ಆವತ್ತು ಸೇರುತ್ತವೆ.

ಆದರೆ ಸಂಘ ಸ್ಥಳೀಯವಾಗಿಯೇ ಯಾಕಿರಬೇಕು? ಯಾಕೆಂದರೆ ಅಲ್ಲಿನ ಹಳೇ ದಾಖಲೆಗಳೇ ಸ್ಥಳೀಯ. 1538ರಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶದ, ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು. ಒಂದು ಕೀಲಿ ಪಾದ್ರಿಯ ಹತ್ತಿರ, ಇನ್ನೊಂದು ಊರಿನ ಚರ್ಚ್ ಮುಖ್ಯಸ್ಥರ ಹತ್ತಿರ. ಸಾವಿರಾರು ಪ್ಯಾರಿಷ್, ಸಾವಿರಾರು ಪೆಟ್ಟಿಗೆ. ಮೊದಲು ಕಾಗದದಲ್ಲಿ ಬರೆದರು. 1598ರಲ್ಲಿ ಇನ್ನೊಂದು ಆಜ್ಞೆ ಬಂತು: ಚರ್ಮದ ಹಾಳೆಗೆ ನಕಲು ಮಾಡಿ, ಪ್ರತಿ ವರ್ಷದ ಒಂದು ಪ್ರತಿಯನ್ನು ಬಿಷಪ್‌ಗೂ ಕಳಿಸಿ. ಆ ಎರಡನೇ ಆಜ್ಞೆ ಇವತ್ತು ಎಷ್ಟೋ ಜನರನ್ನು ಕಾಪಾಡುತ್ತಿದೆ. ಊರಿನ ರಿಜಿಸ್ಟರ್ ಹುಳ ತಿಂದಿದ್ದರೂ ಬಿಷಪ್ ಪ್ರತಿ ಉಳಿದಿರಬಹುದು.

ಯಾವ ಪ್ಯಾರಿಷ್‌ನ ಯಾವ ವರ್ಷದ ಪುಟ ಇಲ್ಲ ಅಂತ ತಿಳಿದಿರುವವರು ಆ ಭಾಗದ ಸಂಘದವರು. ಇದು ಸಣ್ಣ ವಿಷಯವಲ್ಲ. “ಹುಡುಕಿದೆ, ಇಲ್ಲ” ಅನ್ನುವುದಕ್ಕೂ “ಹುಡುಕಲು ಪುಟವೇ ಇಲ್ಲ” ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. 1640ರ ದಶಕದ ಅಂತರ್ಯುದ್ಧದಿಂದ 1660ರವರೆಗೆ ಎಷ್ಟೋ ಊರುಗಳಲ್ಲಿ ಬರವಣಿಗೆ ನಿಂತೇ ಹೋಗಿತ್ತು. 1783ರಿಂದ 1794ರವರೆಗೆ ರಿಜಿಸ್ಟರಿನ ಪ್ರತಿ ನಮೂದಿಗೆ 3 ಪೆನ್ಸ್ ತೆರಿಗೆ ಇತ್ತು. ಕಡುಬಡವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಆ ವರ್ಷಗಳಲ್ಲಿ ಕೆಲವರು ಬಡವರೆಂದು ಬರೆಸಿಕೊಂಡರು. ಕೆಲವರು ಮಗುವಿನ ದೀಕ್ಷಾಸ್ನಾನವನ್ನೇ ಮುಂದೂಡಿದರು. ತೆರಿಗೆ ಹೋದ ಮೇಲೆ ಒಂದೇ ದಿನ ನಾಲ್ಕು ಮಕ್ಕಳಿಗೆ ಮಾಡಿಸಿದ್ದು ಕಂಡರೆ ಆಶ್ಚರ್ಯಪಡಬೇಕಿಲ್ಲ, ಅವರು ಅವಳಿ-ಜವಳಿಗಳಲ್ಲ. ನಮ್ಮ ಉದಾಹರಣೆಯ ಜಾನ್ ಹುಟ್ಟಿದ್ದು ಸರಿಯಾಗಿ ಇದೇ ಕಾಲದಲ್ಲಿ, ನೆನಪಿರಲಿ.

ತಾರೀಕಿನದ್ದೇ ಇನ್ನೊಂದು ತೊಡಕು. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಅಂದರೆ 1723ರ ಡಿಸೆಂಬರ್ ಆದ ಮೇಲೆ ಬರುವ ಫೆಬ್ರವರಿಯೂ ಅವರಿಗೆ 1723ರ ಫೆಬ್ರವರಿಯೇ. ಇದು ಗೊತ್ತಿಲ್ಲದಿದ್ದರೆ ಏಪ್ರಿಲ್‌ನಲ್ಲಿ ಮದುವೆಯಾದವರಿಗೆ ಅದೇ ವರ್ಷ, ಎರಡು ತಿಂಗಳು ಮೊದಲೇ, ಫೆಬ್ರವರಿಯಲ್ಲೇ ಮಗು ಹುಟ್ಟಿದ ಹಾಗೆ ಕಾಣುತ್ತದೆ. ನಿಜವಾಗಿ ಮಗು ಹುಟ್ಟಿದ್ದು ಮದುವೆಯಾಗಿ ಹತ್ತು ತಿಂಗಳಿಗೆ. ಅದಕ್ಕೇ ಸಂಘದವರು ಇಂಥ ತಾರೀಕನ್ನು 1723/24 ಅಂತ ಎರಡೂ ವರ್ಷ ಸೇರಿಸಿ ಬರೆಯುತ್ತಾರೆ. 1752ರಲ್ಲಿ ಕ್ಯಾಲೆಂಡರ್ ಸರಿಮಾಡಿದಾಗ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ಆ ನಡುವಿನ ಹನ್ನೊಂದು ದಿನಗಳಲ್ಲಿ ಇಂಗ್ಲೆಂಡಿನಲ್ಲಿ ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ.

ಅಕ್ಷರ ಓದುವುದು ಬೇರೆಯೇ ವಿದ್ಯೆ. 16 ಮತ್ತು 17ನೇ ಶತಮಾನದ ಕೈಬರಹದಲ್ಲಿ ಇ, ಆರ್, ಸಿ ಅಕ್ಷರಗಳು ಇವತ್ತಿನ ಹಾಗೆ ಕಾಣುವುದೇ ಇಲ್ಲ. ಕೆಲವು ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆದರು. ಅಲ್ಲಿ ಗುಲಿಯೆಲ್ಮಸ್ ಅಂದರೆ ವಿಲಿಯಂ, ಜಾಕೋಬಸ್ ಅಂದರೆ ಹೆಚ್ಚಾಗಿ ಜೇಮ್ಸ್. ಇನ್ನು ಓದುಬರಹ ಬಾರದ ಜನ ಹೆಸರು ಹೇಳಿದರು, ಪಾದ್ರಿ ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ನಮ್ಮಲ್ಲಿ ಕೆಲವು ಕಡೆ ‘ಹಾಲು’ ‘ಆಲು’ ಆಗುತ್ತದಲ್ವಾ, ಅಲ್ಲಿಯೂ ಅನೇಕ ಕಡೆ ಜನ ‘ಹ’ ನುಂಗುತ್ತಾರೆ. ಹಾಗಾಗಿ ಹ್ಯಾರಿಸ್ ಮನೆಯವರು ಪುಸ್ತಕದಲ್ಲಿ ಆರಿಸ್ ಆಗಿ ಕೂತಿರುತ್ತಾರೆ. ‘ಎಚ್’ ಅಕ್ಷರದಡಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆ ಊರಿನ ಮಾತು ಕೇಳಿ ಬೆಳೆದವರಿಗೆ ಇದು ಥಟ್ಟನೆ ಹೊಳೆಯುತ್ತದೆ.

ಸರ್ಕಾರಿ ದಾಖಲೆ ಬಂದ ಮೇಲೆ ಕೆಲಸ ಸ್ವಲ್ಪ ಹಗುರವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ 1837ರ ಜುಲೈ 1ಕ್ಕೆ ಶುರುವಾಯಿತು. ಸ್ಕಾಟ್ಲೆಂಡಿನಲ್ಲಿ 1855ಕ್ಕೆ. ಜನಗಣತಿ 1801ರಿಂದಲೇ ಹತ್ತು ವರ್ಷಕ್ಕೊಮ್ಮೆ ನಡೆದರೂ, ಎಲ್ಲರ ಹೆಸರು ಸಿಗುವುದು 1841ರಿಂದ. ಆ 1841ರದ್ದರಲ್ಲೂ ಒಂದು ಮೋಸವಿದೆ. 15ಕ್ಕಿಂತ ಜಾಸ್ತಿ ವಯಸ್ಸಿನವರದ್ದನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. 34 ಇದ್ದವರು 30 ಆದರು, 39 ಇದ್ದವರು 35 ಆದರು. ಮನೆಯ ಯಜಮಾನನಿಗೆ ಯಾರು ಏನಾಗಬೇಕು, ಯಾವ ಊರಿನಲ್ಲಿ ಹುಟ್ಟಿದ್ದು ಅನ್ನುವ ಕಾಲಂ ಬಂದಿದ್ದು 1851ಕ್ಕೆ.

ನನಗೆ ತುಂಬಾ ತಟ್ಟುವುದು 1911ರ ಗಣತಿ. ಅಲ್ಲಿ ಮನೆಯವರೇ ತಮ್ಮ ಕೈಯಾರೆ ತುಂಬಿದ ಹಾಳೆ ಉಳಿದಿದೆ. ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ, ಎಷ್ಟು ತೀರಿಕೊಂಡರು, ಈ ಪ್ರಶ್ನೆಗಳು ಗಂಡನಿರುವ ಹೆಂಗಸರಿಗೆ ಮಾತ್ರ ಇದ್ದವು. ಆದರೂ ಕೆಲವು ವಿಧವೆಯರು ಅದನ್ನು ತುಂಬಿದರು. ಗಣತಿಯವರು ಆಮೇಲೆ ಆ ಅಂಕಿಗಳ ಮೇಲೆ ಗೆರೆ ಎಳೆದರು. ಗೆರೆಯ ಕೆಳಗೆ ಅಂಕಿ ಇನ್ನೂ ಓದಲು ಬರುತ್ತದೆ. ಯಾವ ಸರ್ಟಿಫಿಕೇಟಿನಲ್ಲೂ ಒಟ್ಟಾಗಿ ಸಿಗದ ಒಬ್ಬ ತಾಯಿಯ ಲೆಕ್ಕ ಅದು.

ಗಣತಿಯ ಹಾಳೆಗಳನ್ನು ನೂರು ವರ್ಷ ಮುಚ್ಚಿಡುತ್ತಾರೆ. 1921ರದ್ದು ತೆರೆದಿದ್ದು 2022ರ ಜನವರಿಯಲ್ಲಿ. ಮುಂದಿನದಕ್ಕೆ ಕಾಯುವುದು ವ್ಯರ್ಥ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಗಣತಿ 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ನಡುವೆ ಉಳಿದಿರುವುದು 1939ರ ಸೆಪ್ಟೆಂಬರ್ 29ರಂದು ತಯಾರಾದ ಯುದ್ಧಕಾಲದ ರಿಜಿಸ್ಟರ್ ಒಂದೇ.

ಈಗ ಮತ್ತೆ ಜಾನ್ ಟರ್ನರ್‌ಗೆ ಬರೋಣ. ವಿಲಿಯಂನ ಮಗ ಹಸುಗೂಸಾಗಿದ್ದಾಗಲೇ ತೀರಿಕೊಂಡ. ಹಾಗಾದರೆ 1851ರಲ್ಲಿ 60 ವರ್ಷದವನಾಗಿದ್ದ ಜಾನ್ ಯಾರು? ಸಂಘದಲ್ಲಿ ಕೇಳುವ ಪ್ರಶ್ನೆಗಳು ಹೀಗಿರುತ್ತವೆ. ಅದೇ ದಂಪತಿ ಮುಂದಿನ ಮಗನಿಗೂ ಜಾನ್ ಅಂತಲೇ ಹೆಸರಿಟ್ಟರಾ? ಆಗ ಹಾಗೆ ಇಡುವುದು ಮಾಮೂಲಿ. ಪಕ್ಕದ ಪ್ಯಾರಿಷ್‌ನಲ್ಲಿ ಟರ್ನರ್ ಮನೆಗಳಿದ್ದವಾ? ಸಣ್ಣ ಹಳ್ಳಿಯಲ್ಲಿ ಹುಟ್ಟಿದವರು ಗಣತಿಯವರಿಗೆ ಹತ್ತಿರದ ದೊಡ್ಡ ಊರಿನ ಹೆಸರು ಹೇಳಿರಬಹುದು. ಮನೆಯವರು ಚರ್ಚ್ ಆಫ್ ಇಂಗ್ಲೆಂಡ್‌ಗೆ ಸೇರದ ಬ್ಯಾಪ್ಟಿಸ್ಟ್ ಅಥವಾ ಕ್ವೇಕರ್ ಆಗಿದ್ದರಾ? ಆಗಿದ್ದರೆ ಊರ ಚರ್ಚಿನ ಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ. ಪಕ್ಕದ ಹಳ್ಳಿಯಲ್ಲಿ 1791ರ ಫೆಬ್ರವರಿಯಲ್ಲಿ ದೀಕ್ಷಾಸ್ನಾನವಾದ, ಥಾಮಸ್‌ನ ಮಗ ಜಾನ್ ಒಬ್ಬ ಸಿಕ್ಕಿದ ಅಂತಿಟ್ಟುಕೊಳ್ಳಿ. ಇವನು ಸತ್ತ ದಾಖಲೆ ಇಲ್ಲ. ಹಾಗಂತ ಇವನೇ ಅಂತ ಹೇಳಬಹುದಾ? ಇನ್ನೂ ಇಲ್ಲ. ಕೂಡಿಬರುವುದು ಬೇರೆ, ಸಾಬೀತಾಗುವುದು ಬೇರೆ.

ಇಲ್ಲಿ ಕೈಹಿಡಿಯುವುದು ಬಡವರ ಕಾಗದಗಳು. 1662ರ ಕಾನೂನಿನ ಪ್ರಕಾರ ಪ್ರತಿಯೊಬ್ಬರಿಗೂ ಒಂದು ‘ಸ್ವಂತ’ ಪ್ಯಾರಿಷ್ ಇತ್ತು. ಕಷ್ಟ ಬಂದಾಗ ಹೊಟ್ಟೆಗೆ ಹಾಕಬೇಕಾದ್ದು ಆ ಪ್ಯಾರಿಷ್‌ನ ಜವಾಬ್ದಾರಿ. ಬೇರೆ ಊರಿನವನು ಬಂದು ಕಾಯಿಲೆ ಬಿದ್ದರೆ, ಕೆಲಸ ಕಳೆದುಕೊಂಡರೆ, ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ವಿಚಾರಿಸುತ್ತಿದ್ದರು. ಎಲ್ಲಿ ಹುಟ್ಟಿದೆ, ಯಾರ ಹತ್ತಿರ ಕಸುಬು ಕಲಿತೆ, ಎಲ್ಲಿ ಒಂದು ವರ್ಷ ಪೂರ್ತಿ ಚಾಕರಿ ಮಾಡಿದೆ, ಯಾರನ್ನು ಮದುವೆಯಾದೆ, ಮಕ್ಕಳೆಷ್ಟು, ಅವರ ವಯಸ್ಸೆಷ್ಟು? ಅವನು ಹೇಳಿದ್ದನ್ನು ಗುಮಾಸ್ತ ಬರೆದುಕೊಳ್ಳುತ್ತಿದ್ದ. ಕೆಳಗೆ ಅವನ ಸಹಿ, ಇಲ್ಲವೇ ಒಂದು ಗೀಟು. ಆಮೇಲೆ ಇಡೀ ಸಂಸಾರವನ್ನು ಅವರ ‘ಸ್ವಂತ’ ಊರಿಗೆ ಸಾಗಿಸುತ್ತಿದ್ದರು. ಬಸುರಿಯರನ್ನೂ ಬಿಡುತ್ತಿರಲಿಲ್ಲ. ಮಗು ಇಲ್ಲಿ ಹುಟ್ಟಿದರೆ ಅದರ ಖರ್ಚು ಇಲ್ಲಿನ ಪ್ಯಾರಿಷ್‌ನ ತಲೆಗೆ ಬರುತ್ತದೆ ಅನ್ನುವ ಭಯ.

ನಿರ್ದಯಿ ವ್ಯವಸ್ಥೆ ಅದು. ಆದರೆ ಒಂದು ಅಕ್ಷರವನ್ನೂ ಬರೆಯಲು ಬಾರದ ಕೂಲಿಯವನ ಜೀವನಚರಿತ್ರೆ ಒಂದು ಪುಟದಲ್ಲಿ ಉಳಿದಿರುವುದು ಆ ಕಾಗದಗಳಲ್ಲಿ ಮಾತ್ರ. ಹೊಟ್ಟೆ ತುಂಬಿದ್ದ ರೈತನ ಬಗ್ಗೆ ಮೂರು ಸಾಲು ಸಿಕ್ಕರೆ, ಹಸಿದವನ ಬಗ್ಗೆ ಮೂವತ್ತು ಸಾಲು ಸಿಗುತ್ತದೆ. ಜಾನ್ ಟರ್ನರ್ 1820ರಲ್ಲಿ ಹೀಗೆ ಹೇಳಿಕೆ ಕೊಟ್ಟಿದ್ದಾನೆ ಅನ್ನಿ. ‘ನಾನು ಥಾಮಸ್‌ನ ಮಗ, ಇಂಥ ಹಳ್ಳಿಯಲ್ಲಿ ಹುಟ್ಟಿದೆ, ಹೆಂಡತಿ ಆ್ಯನ್, ಮೂರು ಮಕ್ಕಳು.’ ಆ್ಯನ್‌ಳ ಹೆಸರು ಮದುವೆ ರಿಜಿಸ್ಟರಿನಲ್ಲಿದೆ. ಅದೇ ಆ್ಯನ್ 1851ರ ಗಣತಿಯಲ್ಲಿ ಅವನ ಪಕ್ಕದ ಸಾಲಿನಲ್ಲಿದ್ದಾಳೆ. ಈಗ ಸರಪಳಿ ಕೂಡಿತು. ಸಂಘಗಳು ಇಂಥ ಕಾಗದಗಳನ್ನು ದಾಖಲೆ ಕಚೇರಿಗಳಲ್ಲಿ ಕೂತು ಓದಿ, ಹೆಸರಿನ ಪಟ್ಟಿ ಮಾಡಿಲ್ಲದಿದ್ದರೆ ಅವು ಕಟ್ಟುಗಳಲ್ಲೇ ಉಳಿಯುತ್ತಿದ್ದವು.

ಈ ಪಟ್ಟಿ ಮಾಡುವ ಕೆಲಸಕ್ಕೆ ಒಂದೇ ಕಟ್ಟುನಿಟ್ಟಿನ ನಿಯಮ: ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ತಪ್ಪು ಕಾಗುಣಿತ ಕಂಡರೆ ತಿದ್ದಬೇಡಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೂಲದ ಜೊತೆ ತಾಳೆ ನೋಡಬೇಕು. 1881ರ ಗಣತಿಯ ಇಡೀ ದೇಶದ ಹೆಸರುಪಟ್ಟಿ ತಯಾರಾಗಿದ್ದು ಹೀಗೆಯೇ. ಸಂಘಗಳ ಒಕ್ಕೂಟ ಮತ್ತು ಅಮೆರಿಕದ ಜೀನಿಯಾಲಾಜಿಕಲ್ ಸೊಸೈಟಿ ಆಫ್ ಯೂಟಾ ಸೇರಿ ಕೈಹಾಕಿದ ಕೆಲಸ ಅದು. ಸ್ವಯಂಸೇವಕರು ಹಾಳೆಗಳ ನಕಲು ಮನೆಗೆ ತಂದು, ಅಡುಗೆಮನೆ ಮೇಜಿನ ಮೇಲೆ ಬರೆದರು. ಇವತ್ತು ಪರದೆಯ ಮೇಲೆ ಒಂದು ಹೆಸರು ಒತ್ತಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ. ಅದರ ಹಿಂದೆ ಇಂಥ ಎಷ್ಟೋ ಸಂಜೆಗಳಿವೆ.

ಸಮಾಧಿ ಕಲ್ಲುಗಳ ಕೆಲಸವನ್ನು ಹತ್ತಿರದಿಂದ ನೋಡಿದರೆ ಸಂಘ ಏನು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಚರ್ಚಿನ ಅನುಮತಿ ಪಡೆದು, ಮೊದಲು ಅಂಗಳದ ನಕ್ಷೆ ಬರೆದು, ಪ್ರತಿ ಕಲ್ಲಿಗೂ ಒಂದು ನಂಬರ್ ಕೊಡುತ್ತಾರೆ. ಆಮೇಲೆ ಇಬ್ಬಿಬ್ಬರಾಗಿ ನಿಲ್ಲುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬರು ಬರೆಯುತ್ತಾರೆ. ಸವೆದ ಅಕ್ಷರ ನೇರ ಬಿಸಿಲಿನಲ್ಲಿ ಕಾಣುವುದಿಲ್ಲ. ಬೆಳಕು ಪಕ್ಕದಿಂದ, ಕಲ್ಲಿಗೆ ಸವರಿಕೊಂಡು ಹೋಗುವ ಹಾಗೆ ಬೀಳಬೇಕು. ಅದಕ್ಕೇ ಕನ್ನಡಿ ಹಿಡಿದು ಬಿಸಿಲನ್ನು ತಿರುಗಿಸುತ್ತಾರೆ, ಇಲ್ಲವೇ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿಯುತ್ತಾರೆ. ಆಗ ಏನೂ ಇಲ್ಲ ಅನ್ನಿಸಿದ್ದ ಜಾಗದಲ್ಲಿ ನೆರಳಿನ ಗೆರೆಗಳು ಏಳುತ್ತವೆ. ಮೊದಲು ಒಂದು 7, ಆಮೇಲೆ ಒಂದು ಹೆಸರಿನ ಅರ್ಧ. ತಂತಿ ಬ್ರಷ್ ಮುಟ್ಟಿಸುವಂತಿಲ್ಲ. ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಫೋಮ್ ಯಾವುದನ್ನೂ ಬಳಿಯುವಂತಿಲ್ಲ, ಕಲ್ಲು ಹಾಳಾಗುತ್ತದೆ. ‘ತನ್ನ 64ನೇ ವರ್ಷದಲ್ಲಿ’ ಅಂತ ಕೆತ್ತಿದ್ದರೆ ಸತ್ತಾಗ ವಯಸ್ಸು 63 ಅಂತ ಅರ್ಥ. ಈ ಒಂದು ವರ್ಷದ ವ್ಯತ್ಯಾಸದಿಂದ ತಪ್ಪು ಮನುಷ್ಯನ ಹಿಂದೆ ಹೋದವರಿದ್ದಾರೆ.

ಸಂಬಂಧದ ಮಾತುಗಳಲ್ಲೂ ಎಡವುತ್ತೇವೆ. ಕನ್ನಡದಲ್ಲಿ ಸೋದರಮಾವ ಅಂದರೆ ತಾಯಿಯ ಕಡೆ, ಸೋದರತ್ತೆ ಅಂದರೆ ತಂದೆಯ ಕಡೆ ಅಂತ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಇಂಗ್ಲಿಷಿನ ಅಂಕಲ್, ಆಂಟ್, ಕಸಿನ್ ಹಾಗೆ ಏನನ್ನೂ ಹೇಳುವುದಿಲ್ಲ. ಹಳೇ ದಾಖಲೆಗಳಲ್ಲಿ ‘ಫಾದರ್ ಇನ್ ಲಾ’ ಅಂದರೆ ಮಾವನೂ ಆಗಬಹುದು, ಮಲತಂದೆಯೂ ಆಗಬಹುದು. ಸೀನಿಯರ್, ಜೂನಿಯರ್ ಅಂದರೆ ಅಪ್ಪ-ಮಗನೇ ಆಗಬೇಕಿಲ್ಲ, ಊರಿನಲ್ಲಿ ಒಂದೇ ಹೆಸರಿನ ಹಿರಿಯ-ಕಿರಿಯ ಇಬ್ಬರು ಅಷ್ಟೇ.

ಇತ್ತೀಚೆಗೆ ಡಿಎನ್‌ಎ ಪರೀಕ್ಷೆ ಬಂದಿದೆ. ಎಷ್ಟೋ ಸಂಘಗಳಲ್ಲಿ ಅದಕ್ಕೆಂದೇ ಒಂದು ಗುಂಪು ಇರುತ್ತದೆ. ಅದು ಉಪಯೋಗದ್ದೇ, ಆದರೆ ಅದರ ಮಿತಿ ತಿಳಿದಿರಬೇಕು. ಅಣ್ಣತಮ್ಮಂದಿರ ಮಕ್ಕಳು ಸರಾಸರಿ 12.5 ಶೇಕಡ ಡಿಎನ್‌ಎ ಹಂಚಿಕೊಳ್ಳುತ್ತಾರೆ. ಒಂದೇ ಮುತ್ತಜ್ಜ-ಮುತ್ತಜ್ಜಿಯ ಮರಿಮಕ್ಕಳಾದರೆ ಸುಮಾರು 3 ಶೇಕಡ. ಇನ್ನೂ ಒಂದು ತಲೆಮಾರು ದೂರವಾದರೆ, ಸುಮಾರು ಹತ್ತರಲ್ಲಿ ಒಂದು ಜೋಡಿಗೆ ಪರೀಕ್ಷೆಯಲ್ಲಿ ಏನೂ ಕಾಣದೇ ಹೋಗಬಹುದು. ನಂಟು ನಿಜ, ಆದರೂ ಗುರುತು ಉಳಿದಿಲ್ಲ. ಇಬ್ಬರು ನೆಂಟರು ಅಂತ ಡಿಎನ್‌ಎ ಹೇಳುತ್ತದೆ. ಯಾವ ಅಜ್ಜನ ಕಡೆಯಿಂದ ಅನ್ನುವುದಕ್ಕೆ ಮತ್ತೆ ರಿಜಿಸ್ಟರೇ ಬೇಕು.

ಇಷ್ಟೆಲ್ಲ ಎಷ್ಟು ದೂರ ಹೋಗುತ್ತದೆ? ಪ್ರತಿ ತಲೆಮಾರಿಗೆ ಪೂರ್ವಜರ ಲೆಕ್ಕ ಎರಡರಷ್ಟಾಗುತ್ತದೆ. ಹತ್ತು ತಲೆಮಾರು ಹಿಂದೆ 1,024 ಜನ. ಮೂವತ್ತು ತಲೆಮಾರು ಹಿಂದೆ ನೂರು ಕೋಟಿ ದಾಟುತ್ತದೆ. ಆಗ ಪ್ರಪಂಚದಲ್ಲೇ ಅಷ್ಟು ಜನ ಇರಲಿಲ್ಲ. ಅಂದರೆ ಒಬ್ಬರೇ ಹಲವು ದಾರಿಗಳಿಂದ ನಮಗೆ ಅಜ್ಜ-ಅಜ್ಜಿಯಾಗಿದ್ದಾರೆ. ಈ ಲೆಕ್ಕದಲ್ಲಿ ಸರಿಯಾಗಿ ಅರ್ಧ ಹೆಂಗಸರು, ಆದರೆ ದಾಖಲೆಗಳಲ್ಲಿ ಬೇಗ ಮರೆಯಾಗುವವರೂ ಅವರೇ. 1837ರಿಂದ ಮದುವೆಯ ದಾಖಲೆಯಲ್ಲಿ ವಧುವರರ ತಂದೆಯ ಹೆಸರಿಗೆ ಮಾತ್ರ ಜಾಗವಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾಯಿಯ ಹೆಸರೂ ಸೇರಿದ್ದು 2021ರ ಮೇ ತಿಂಗಳಲ್ಲಿ.

ಸಂಘಗಳ ಇನ್ನೊಂದು ರೂಢಿ ನನಗೆ ಎಲ್ಲಕ್ಕಿಂತ ಇಷ್ಟ. ತಮ್ಮವರನ್ನು ಹುಡುಕುವಾಗ ದಾಖಲೆಯಲ್ಲಿ ದೂರದ ಊರಿನವರು ಯಾರಾದರೂ ಕಂಡರೆ, ಅದನ್ನೂ ಬರೆದುಕೊಳ್ಳುತ್ತಾರೆ. ಬಂದರಿನಲ್ಲಿ ಸತ್ತ ನಾವಿಕ, ಪರ ಊರಿನಲ್ಲಿ ಮದುವೆಯಾದ ಸಿಪಾಯಿ, ದೂರದ ಆಸ್ಪತ್ರೆಯಲ್ಲಿ ತೀರಿಕೊಂಡ ಮನೆಗೆಲಸದ ಹುಡುಗಿ. ಇಂಥವರಿಗೆ ‘ಸ್ಟ್ರೇಸ್’ ಅನ್ನುತ್ತಾರೆ, ಅಂದರೆ ದಾರಿ ತಪ್ಪಿ ದೂರ ಉಳಿದವರು. ಅವರ ಹೆಸರು, ತಾರೀಕು, ಸ್ವಂತ ಊರು ಬರೆದು ಆ ಊರಿನ ಸಂಘಕ್ಕೆ ಕಳಿಸುತ್ತಾರೆ. ಕಳಿಸಿದವರಿಗೂ ಆ ಹುಡುಗಿಗೂ ಯಾವ ನಂಟೂ ಇಲ್ಲ. ಆದರೆ ಅವಳ ಊರಿನ ಸಂಘದಲ್ಲಿ, ಅವಳ ಅಣ್ಣನ ವಂಶದವರು ಯಾರೋ, ಅವಳ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ಕಾಯುತ್ತಿರಬಹುದು.